ಜಲಬಾಧೆ

ನಮ್ಮ ಪತ್ರಿಕೆಯ ಸಂಪಾದಕರು ಪ್ರತಿ ಯುಗಾದಿಗೂ ನನ್ನಿಂದ ಒಂದು ಅಡುಗೆ ಲೇಖನ ಕೇಳುತ್ತಾರೆ. ನಾನೂ ಹಲವು ವರ್ಷಗಳಿಂದ ಒಬ್ಬಟ್ಟು, ಗೊಜ್ಜವಲಕ್ಕಿ, ಮಿಷಿಗನ್ನಿನ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬಿಸುವ ಉಪಾಯ ಎಂದು ಏನಾದರೊಂದು ಬರೆದುಕೊಡುತ್ತಾ ಬಂದಿದ್ದೇನೆ. ಈ ಸಲ ಅವರು ಫೋನ್ ಮಾಡಿದಾಗ "ಮೂತ್ರಕೋಶದ ಬಗ್ಗೆ ಬರೆಯುತ್ತೇನೆ, ಹಾಕುತ್ತೀರಾ?" ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ಪಾಪ, "ಅದಕ್ಕೇನಂತೆ ಮೇಡಂ, ಖಂಡಿತ ಹಾಕೋಣ. ಆದರೆ ಹಬ್ಬದ ಸಂಚಿಕೆಯಲ್ಲಿ ಬೇಡ, ಅದರ ಮುಂದಿನದಕ್ಕೆ ಇಟ್ಟುಕೊಳ್ಳೋಣ" ಎಂದರು. ಹೀಗಾಗಿ ಒಬ್ಬಟ್ಟೆಲ್ಲ ಕರಗಿದ ಮೇಲೆ ಇದು ನಿಮ್ಮ ಕೈಗೆ ಬಂದಿದೆ. ಊಟಕ್ಕೆ ಕೂತು ಓದುವ ಅಭ್ಯಾಸವಿದ್ದವರು ದಯವಿಟ್ಟು ಊಟ ಮುಗಿಸಿಕೊಂಡು ಬನ್ನಿ.

2022ರ ದೀಪಾವಳಿಯಿಂದ ಸುಮಾರು ಒಂದು ವರ್ಷ ನಾನು ಸಂಘದ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ. ಕ್ಯಾನ್ಸರ್ ಆಗಿತ್ತೆಂಬುದು ನಿಮಗೆಲ್ಲ ಗೊತ್ತು. ಸರದಿಯ ಮೇಲೆ ಮೂರು ವಾರ ನಮ್ಮ ಮನೆಗೆ ಸಾರು, ಪಲ್ಯ, ಮೊಸರನ್ನ ತಂದಿಟ್ಟು ಹೋದವರು ನೀವೇ. ಆದರೆ ಆಪರೇಷನ್ ಆಗಿ, ರಿಪೋರ್ಟ್ ಚೆನ್ನಾಗಿ ಬಂದು, ತಿಂಗಳುಗಳು ಕಳೆದರೂ ಈಕೆ ಯಾಕೆ ಮನೆಯಲ್ಲೇ ಕೂತಿದ್ದಾಳೆ ಎಂದು ಹಲವರಿಗೆ ಅನ್ನಿಸಿತ್ತಂತೆ. ಮತ್ತೆ ಬಂದಿರಬಹುದು ಎಂದು ಕೆಲವರು, ಮನಸ್ಸಿಗೆ ಹಚ್ಚಿಕೊಂಡಿರಬಹುದು ಎಂದು ಕೆಲವರು. ನಿಜವಾದ ಕಾರಣ ಇಷ್ಟೆ: ನಮ್ಮ ಹೈಸ್ಕೂಲ್ ಸಭಾಂಗಣದಲ್ಲಿ ಸ್ವಾಗತ ಭಾಷಣದಿಂದ ವಂದನಾರ್ಪಣೆಗೆ ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಮಕ್ಕಳ ಫ್ಯಾನ್ಸಿ ಡ್ರೆಸ್ ಇದ್ದರೆ ಐದು. ನನ್ನ ಮೂತ್ರಕೋಶಕ್ಕೆ ಆಗ ಅಷ್ಟು ತಾಳ್ಮೆ ಇರಲಿಲ್ಲ.

ನಮ್ಮ ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಮುಚ್ಚುಮರೆಯ ಮಾತುಗಳಿವೆ ನೋಡಿ. ಶಾಲೆಯಲ್ಲಿ ಕಿರುಬೆರಳು ಎತ್ತಿ "ಒಂದಕ್ಕೆ ಹೋಗ್ಲಾ ಮಿಸ್" ಎನ್ನುತ್ತಿದ್ದೆವು. ನಮ್ಮ ತಾತ ಬೆಂಗಳೂರಿಗೆ ಹೊರಟ ಬಸ್ಸು ಚನ್ನರಾಯಪಟ್ಟಣದಲ್ಲಿ ನಿಂತಾಗ ಪಂಚೆ ಎತ್ತಿ ಕಟ್ಟಿ "ಜಲಬಾಧೆ ತೀರಿಸ್ಕೊಂಡು ಬರ್ತೀನಿ, ಸೀಟು ನೋಡ್ಕೊ" ಎಂದು ಇಳಿಯುತ್ತಿದ್ದರು. ಜಲಬಾಧೆ! ಈ ಮಾತನ್ನು ಕಟ್ಟಿದವರು ಯಾರೋ, ಶರೀರವನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಅದು ಬಾಧೆಯೇ ಹೌದು, ಮತ್ತು ಆ ಬಾಧೆ ಇರುವುದರಿಂದಲೇ ನಾವು ಎದ್ದು ಹೋಗುತ್ತೇವೆ. ನನಗಾದದ್ದು ಬಾಧೆಯೇ ಇಲ್ಲದ ಜಲ. ತುಂಬಿದರೂ ತುಂಬಿದೆ ಎಂದು ತಿಳಿಯದು, ಕೂತರೂ ಬಾರದು.

ಹಿನ್ನೆಲೆಯನ್ನು ಬೇಗ ಹೇಳಿಬಿಡುತ್ತೇನೆ. ಮುಟ್ಟು ನಿಂತು ವರ್ಷದ ಮೇಲೆ, 2022ರ ಬೇಸಿಗೆಯಲ್ಲಿ ಒಂದು ದಿನ ರಕ್ತ ಕಂಡಿತು. ಮುಟ್ಟು ನಿಂತ ಮೇಲೆ ಕಾಣುವ ರಕ್ತ, ಒಂದು ಹನಿಯಾದರೂ, ವೈದ್ಯರಿಗೆ ತೋರಿಸಲೇಬೇಕಾದದ್ದು. ತೋರಿಸಿದೆ. ಗರ್ಭಕೋಶದ ಕೊರಳಿನಲ್ಲಿ ಎರಡೂವರೆ ಸೆಂಟಿಮೀಟರ್ ಗಂಟು. ಅಕ್ಟೋಬರಿನಲ್ಲಿ ಆಪರೇಷನ್ ಆಯಿತು. ಲಿಂಫ್ ಗಂಟುಗಳೆಲ್ಲ ಶುದ್ಧವಾಗಿದ್ದವು, ರೇಡಿಯೇಷನ್ ಬೇಕಾಗಲಿಲ್ಲ. ಹೊಟ್ಟೆ ಕೊಯ್ದೇ ಮಾಡಿದರು. ಸಣ್ಣ ತೂತುಗಳ ಮೂಲಕ ಮಾಡುವ ವಿಧಾನ ಈ ಕ್ಯಾನ್ಸರಿಗೆ ಅಷ್ಟು ಒಳ್ಳೆಯದಲ್ಲ, ಅದರಲ್ಲಿ ರೋಗ ಮರಳುವುದು ಹೆಚ್ಚು ಎಂದು 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತೋರಿಸಿಕೊಟ್ಟಿತ್ತು.

ಬರೀ ಗರ್ಭಕೋಶ ತೆಗೆಯುವ ಆಪರೇಷನ್ ನಮ್ಮ ಅಮ್ಮಂದಿರು, ಅತ್ತೆಯರಲ್ಲಿ ಎಷ್ಟೋ ಜನಕ್ಕೆ ಆಗಿದೆ. ಇದು ಅದಲ್ಲ. ರ‍್ಯಾಡಿಕಲ್ ಹಿಸ್ಟರೆಕ್ಟಮಿ ಎಂದು ಇದರ ಹೆಸರು. ವಿಯೆನ್ನಾದ ಅರ್ನ್ಸ್ಟ್ ವೆರ್ಟ್‌ಹೈಮ್ ಎಂಬ ವೈದ್ಯರು 1898ರಲ್ಲಿ ಶುರು ಮಾಡಿದ್ದು. 1940ರ ದಶಕದಲ್ಲಿ ಬಾಸ್ಟನ್ನಿನ ಮೇಗ್ಸ್ ಎಂಬುವರು ಅದನ್ನು ಇನ್ನಷ್ಟು ವಿಸ್ತರಿಸಿದರು. ಈ ಕ್ಯಾನ್ಸರ್ ಹರಡುವುದು ಮೊದಲು ಅಕ್ಕಪಕ್ಕಕ್ಕೆ. ಆದ್ದರಿಂದ ಗರ್ಭಕೋಶದ ಜೊತೆಗೆ ಅದನ್ನು ಎರಡೂ ಕಡೆ ಹಿಡಿದಿಟ್ಟಿರುವ ಕಟ್ಟುಗಳನ್ನು, ಸುತ್ತಲಿನ ಮಾಂಸವನ್ನು, ಯೋನಿಯ ಮೇಲ್ಭಾಗದ ಸ್ವಲ್ಪವನ್ನು ತೆಗೆಯುತ್ತಾರೆ. ತೊಂದರೆ ಇರುವುದೇ ಇಲ್ಲಿ. ಈಗಿನ ಮನೆಗಳಲ್ಲಿ ಗೋಡೆಯ ಒಳಗೇ ಕನ್ಸೀಲ್ಡ್ ವೈರಿಂಗ್ ಮಾಡಿರುತ್ತಾರಲ್ಲ, ಹಾಗೆ ಮೂತ್ರಕೋಶಕ್ಕೆ ಹೋಗುವ ನರಗಳು ಅದೇ ಕಟ್ಟುಗಳ ಒಳಗೆ ಹಾದುಹೋಗುತ್ತವೆ. ಗೋಡೆ ಒಡೆದರೆ ತಂತಿಗೆ ಪೆಟ್ಟು ಬೀಳದೆ ಇರದು. ಗೆದ್ದಲು ಹಿಡಿದ ಗೋಡೆ, ಉಳಿಸಿಕೊಳ್ಳುವ ಹಾಗೂ ಇಲ್ಲ.

ಆ ನರಗಳಲ್ಲಿ ಎರಡು ಬಗೆ. ಸೊಂಟದ ಮೇಲಿನಿಂದ ಬರುವ ಒಂದು ಗುಂಪು ಮೂತ್ರಕೋಶಕ್ಕೆ "ಸಡಿಲವಾಗಿರು, ತುಂಬಿಕೋ, ಬಾಯಿ ಮುಚ್ಚಿಕೊಂಡಿರು" ಎನ್ನುತ್ತದೆ. ಬೆನ್ನುಹುರಿಯ ತೀರ ಕೆಳತುದಿಯಿಂದ ಬರುವ ಇನ್ನೊಂದು ಗುಂಪು "ಈಗ ಹಿಂಡು" ಎನ್ನುತ್ತದೆ. ತುಂಬಿದೆ ಎಂಬ ಸುದ್ದಿಯನ್ನು ಮೇಲಕ್ಕೆ ಒಯ್ಯುವ ತಂತಿಗಳೂ ಇವುಗಳ ಜೊತೆಗೇ ಇವೆ. ಯಾವ ತಂತಿಗೆ ಎಷ್ಟು ಪೆಟ್ಟಾಗಿದೆ ಎನ್ನುವುದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಗೆಯ ತೊಂದರೆ. ಕೆಲವರಿಗೆ ಕೆಮ್ಮಿದರೆ, ಸೀನಿದರೆ ಜಿನುಗುತ್ತದೆ. ಕೆಲವರಿಗೆ ಬಿಗಿದುಕೊಂಡು ಸ್ವಲ್ಪವೇ ಹಿಡಿಯುತ್ತದೆ. ನನ್ನಂಥವರಿಗೆ ಸುದ್ದಿಯೂ ಬರುವುದಿಲ್ಲ, ಹಿಂಡುವ ಶಕ್ತಿಯೂ ಇಲ್ಲ.

ಬೆಂಗಳೂರಿನ ಮನೆಗಳಲ್ಲಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟಾರ್ ಹಾಕಿ ಮರೆತುಬಿಟ್ಟರೆ ಏನಾಗುತ್ತದೆ? ಟ್ಯಾಂಕ್ ತುಂಬಿ ಗೋಡೆಯ ಮೇಲೆ ಹರಿಯತೊಡಗುತ್ತದೆ, ಪಕ್ಕದ ಮನೆಯಾಕೆ "ರೀ, ನಿಮ್ಮ ಟ್ಯಾಂಕ್ ತುಂಬಿ ಹರೀತಿದೆ" ಎಂದು ಕೂಗುತ್ತಾರೆ. ನನ್ನ ವಿಷಯದಲ್ಲಿ ಕೂಗುವವರಿಲ್ಲ, ಹರಿಯುವುದು ಮಾತ್ರ ಇದೆ. ಇದನ್ನು ಸ್ವಲ್ಪ ಗಮನವಿಟ್ಟು ಓದಿ, ಏಕೆಂದರೆ ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ. ಬಟ್ಟೆ ಒದ್ದೆಯಾದರೆ ನಾವೆಲ್ಲ ತಿಳಿಯುವುದು "ಹಿಡಿತ ಹೋಗಿದೆ, ನೀರು ಕಡಿಮೆ ಕುಡಿಯಬೇಕು" ಎಂದು. ಆದರೆ ಒಳಗೆ ಟ್ಯಾಂಕ್ ಪೂರ್ತಿ ತುಂಬಿ, ಹೆಚ್ಚಾದದ್ದು ಮೇಲಿಂದ ಚೆಲ್ಲುತ್ತಿರಬಹುದು. ಹೊರಗೆ ನೋಡುವುದಕ್ಕೆ ಎರಡೂ ಒಂದೇ. ಮದ್ದು ಮಾತ್ರ ಒಂದಕ್ಕೊಂದು ತದ್ವಿರುದ್ಧ. ಯಾವುದೆಂದು ತಿಳಿಯಲು ಒಂದೇ ದಾರಿ: ಹೋಗಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ಅಳೆಯುವುದು. ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟರೆ ಎರಡು ನಿಮಿಷದ ಕೆಲಸ, ನೋವಿಲ್ಲ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ನಳಿಕೆ ಹಾಕಿಯೇ ಕಳಿಸಿದರು. ಒಳಗೆ ಹೋದ ಮೇಲೆ ತುದಿಯಲ್ಲಿ ಪುಟ್ಟ ಬಲೂನಿನಂತೆ ಉಬ್ಬಿ ನಿಲ್ಲುವ ನಳಿಕೆ. ಮಿನ್ನೆಸೋಟದ ಫೋಲೀ ಎಂಬ ವೈದ್ಯರು 1930ರ ದಶಕದಲ್ಲಿ ಮಾಡಿದ್ದು, ಈಗಲೂ ಅವರದೇ ಹೆಸರು. ತೊಡೆಗೆ ಚೀಲ ಕಟ್ಟಿಕೊಂಡು ಹತ್ತು ದಿನ ಓಡಾಡಿದೆ. ಹತ್ತನೆಯ ದಿನ ಪರೀಕ್ಷೆ. ಮೂತ್ರಕೋಶಕ್ಕೆ 300 ಮಿಲಿ ಸಲೈನ್ ತುಂಬಿಸಿ, ನಳಿಕೆ ಎಳೆದು, "ಹೋಗಿ ಬನ್ನಿ" ಎಂದರು. ಬಚ್ಚಲಲ್ಲಿ ನಲ್ಲಿ ತಿರುಗಿಸಿ ನೀರಿನ ಶಬ್ದ ಮಾಡಿಕೊಂಡು ಅರ್ಧ ಗಂಟೆ ಕೂತೆ. ಬಂದದ್ದು 60 ಮಿಲಿ. ಎಂ.ಎಸ್ಸಿ.ವರೆಗೂ ಯಾವ ಪರೀಕ್ಷೆಯಲ್ಲೂ ಫೇಲಾಗದವಳು 52ನೆಯ ವಯಸ್ಸಿನಲ್ಲಿ ಇದರಲ್ಲಿ ಫೇಲಾದೆ. ಇನ್ನೊಂದು ವಾರ ಚೀಲ. ಮತ್ತೆ ಪರೀಕ್ಷೆ, ಮತ್ತೆ ಫೇಲು.

ಆಗ ಬಂದರು ನೋಡಿ ಆ ನರ್ಸಮ್ಮ. ಅರವತ್ತು ದಾಟಿದ ಕರಿಯ ಹೆಂಗಸು, ನಮ್ಮ ಕಡೆಯ ಸೋದರತ್ತೆಯರ ಗತ್ತು. "ಇನ್ನು ಚೀಲ ಬೇಡ, ನೀನೇ ಹಾಕಿಕೊಳ್ಳುವುದನ್ನು ಕಲಿ" ಎಂದರು. ನಾನು ಹೌಹಾರಿದೆ. ಒಂದು ಕೈಗನ್ನಡಿ, ಸೋಪು, ಪೆನ್ಸಿಲಿಗಿಂತ ಸಣ್ಣ ನಳಿಕೆ, ದಪ್ಪ 4 ಮಿಲಿಮೀಟರ್. ಹೆಂಗಸರಲ್ಲಿ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ. ಅಂದರೆ ನಿಮ್ಮ ಕಿರುಬೆರಳಿಗಿಂತ ಚಿಕ್ಕ ದಾರಿ. ಐದು ಮಕ್ಕಳನ್ನು ಹೆತ್ತ ಅಜ್ಜಿಯ ಮೊಮ್ಮಗಳಾಗಿ, ಎರಡು ಮಕ್ಕಳ ತಾಯಿಯಾಗಿ, ನನ್ನ ದೇಹದಲ್ಲಿ ಆ ದಾರಿ ಎಲ್ಲಿದೆಯೆಂದು ನಾನು ಕಣ್ಣಾರೆ ಕಂಡದ್ದು ಅವತ್ತೇ. ಮೊದಲ ಸಲಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು, ಬೆವರು ಇಳಿಯಿತು. ಮೂರನೆಯ ದಿನಕ್ಕೆ ಐದು ನಿಮಿಷ. ಒಂದು ವಾರದ ಮೇಲೆ ಕನ್ನಡಿಯೂ ಬೇಡವಾಯಿತು. ನೋವಾಗುವುದಿಲ್ಲವೇ ಎಂದು ಕೇಳುತ್ತೀರಿ. ಮೂಗುಬೊಟ್ಟು ಚುಚ್ಚಿಸಿಕೊಂಡಾಗ ಇದರ ಹತ್ತು ಪಾಲು ನೋವಾಗಿತ್ತು.

ನನ್ನ ಹೆದರಿಕೆ ಇದ್ದದ್ದು ನಂಜಿನ ಬಗ್ಗೆ. ಆಸ್ಪತ್ರೆಯಲ್ಲಿ ಕೈಗವಸು, ಮುಸುಕು, ಔಷಧಿ ಹಚ್ಚಿ ಮಾಡುವುದನ್ನು ಮನೆಯ ಬಚ್ಚಲಲ್ಲಿ ಬರಿಗೈಯಲ್ಲಿ ಮಾಡುವುದೆಂದರೆ? ನರ್ಸಮ್ಮ ನಕ್ಕು, "ಇದನ್ನು ಕಂಡುಹಿಡಿದದ್ದು ಇಲ್ಲೇ, ನಿನ್ನ ಮನೆಯ ಹತ್ತಿರವೇ" ಎಂದರು. ನಿಜ. ನಾವು ಮಕ್ಕಳನ್ನು ಕಾಲೇಜು ತೋರಿಸಲು ಕರೆದೊಯ್ಯುತ್ತಿದ್ದ, ಫುಟ್‌ಬಾಲ್ ದಿನ ಪಾರ್ಕಿಂಗ್ ಸಿಗದೆ ಸುತ್ತುವ ಅದೇ ಆನ್ ಆರ್ಬರ್! ಅಲ್ಲಿನ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಜ್ಯಾಕ್ ಲ್ಯಾಪಿಡಿಸ್ ಎಂಬ ವೈದ್ಯರಿದ್ದರು. ಅದಕ್ಕೆ ಮುಂಚೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ (ಪ್ಯಾರಾಲಿಂಪಿಕ್ ಕ್ರೀಡೆಗಳ ಮೂಲಪುರುಷರೂ ಇವರೇ) ಬೆನ್ನುಹುರಿ ಮುರಿದವರಿಗೆ ಹೊತ್ತುಹೊತ್ತಿಗೆ ನಳಿಕೆ ಹಾಕಿ ತೆಗೆಯುವ ಕ್ರಮ ತಂದಿದ್ದರು. ಆದರೆ ಅದು ಕಟ್ಟುನಿಟ್ಟಿನ ಮಡಿಯಲ್ಲಿ, ತರಬೇತಾದವರ ಕೈಯಲ್ಲಿ ಆಗಬೇಕಿತ್ತು. ಲ್ಯಾಪಿಡಿಸ್ ಮತ್ತು ಜೊತೆಯವರು 1972ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹೇಳಿದ್ದೇ ಬೇರೆ: ನಂಜಿಗೆ ಮುಖ್ಯ ಕಾರಣ ಹೊರಗಿನ ಕ್ರಿಮಿಯಲ್ಲ, ಮೂತ್ರಕೋಶ ವಿಪರೀತ ಹಿಗ್ಗುವುದು. ಹಿಗ್ಗಿದಾಗ ಅದರ ಗೋಡೆಗೆ ರಕ್ತ ಓಡಾಡುವುದು ಕಡಿಮೆಯಾಗಿ, ಕ್ರಿಮಿಗಳನ್ನು ಎದುರಿಸುವ ಶಕ್ತಿ ಕುಂದುತ್ತದೆ. ಆದ್ದರಿಂದ ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದೇ ಮುಖ್ಯ, ಕೈ ಸೋಪಿನಲ್ಲಿ ಚೆನ್ನಾಗಿ ತೊಳೆದಿದ್ದರೆ ಸಾಕು. ಆಗ ಎಷ್ಟೋ ವೈದ್ಯರು ಇದನ್ನು ಒಪ್ಪಲಿಲ್ಲ. ಈಗ ಪ್ರಪಂಚವೆಲ್ಲ ಮಾಡುತ್ತಿರುವುದು ಇದನ್ನೇ. ಮಡಿಗಿಂತ ವೇಳೆ ದೊಡ್ಡದು ಎಂದು ನಮ್ಮ ಅಜ್ಜಿಗೆ ಯಾರಾದರೂ ಹೇಳಿದ್ದರೆ ಮನೆಯಿಂದ ಆಚೆ ಕಳಿಸುತ್ತಿದ್ದರು!

ನಾಲ್ಕರಿಂದ ಐದು ಗಂಟೆಗೊಮ್ಮೆ, ಒಂದು ಸಲಕ್ಕೆ 400 ಮಿಲಿ ಮೀರದಂತೆ, ಇದು ನನಗೆ ಹಾಕಿಕೊಟ್ಟ ಲೆಕ್ಕ. ಮೊದಲು ತಾನಾಗಿ ಎಷ್ಟು ಬರುತ್ತದೋ ಅಷ್ಟು, ಆಮೇಲೆ ನಳಿಕೆಯಲ್ಲಿ ಉಳಿದದ್ದು. ಎರಡನ್ನೂ ಅಳೆದು ಬರೆದಿಡಬೇಕು. ನಮ್ಮವರು ಮೂವತ್ತು ವರ್ಷ ಕಾರು ಕಾರ್ಖಾನೆಯ ಗುಣಮಟ್ಟದ ವಿಭಾಗದಲ್ಲಿ ದುಡಿದವರು. ಸುಮ್ಮನಿರುತ್ತಾರೆಯೇ? ಗಂಟೆ, ಮಿಲಿಲೀಟರ್, ವಾರದ ಸರಾಸರಿ ಎಂದು ಪಟ್ಟಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಒಂದು ದಿನ ನೋಡಲು ಬಂದ ಪರಿಚಿತರೊಬ್ಬರು ಅದನ್ನು ಓದಿ "ಅರೆ, ಮೊಮ್ಮಗು ಬಂದಿದೆಯಾ? ಚೆನ್ನಾಗಿ ಹಾಲು ಕುಡಿಯುತ್ತೆ ಕಣ್ರೀ" ಎಂದರು. ನಾನು ಹೊಲಿಗೆ ಹಿಡಿದುಕೊಂಡು ನಕ್ಕದ್ದೇ ನಕ್ಕದ್ದು.

ಹಾಸನದಿಂದ ನಮ್ಮಮ್ಮ ಬಂದಿದ್ದರು. ಬೆಳಿಗ್ಗೆ ಎದ್ದರೆ ಅವರ ಮೊದಲ ಮಾತು "ಒಂದಕ್ಕೆ ಆಯ್ತೇನೇ?" ಎಂದೇ. ಬಾಣಂತಿಯ ಕೋಣೆಯಲ್ಲಿ ಮಗುವಿನ ಬಗ್ಗೆ ಕೇಳುವ ದನಿ ಅದು. ಬಾರ್ಲಿ ನೀರು, ಕೊತ್ತಂಬರಿ ಬೀಜದ ಕಷಾಯ, ಇಂಡಿಯನ್ ಅಂಗಡಿಯಿಂದ ಡಬ್ಬಿಯ ಎಳನೀರು, ಎಲ್ಲ ನಡೆಯಿತು. "ಕುಕ್ಕರಗಾಲಲ್ಲಿ ಕೂತಿದ್ರೆ ಎಲ್ಲ ಸರಿಯಾಗಿ ಬರ್ತಿತ್ತು, ಈ ಕುರ್ಚಿ ಪಾಯಿಖಾನೆಯಿಂದ್ಲೇ ಎಲ್ಲ" ಎಂಬುದು ಅವರ ಸಿದ್ಧಾಂತ. ಪೂರ್ತಿ ತಳ್ಳಿಹಾಕುವಂತಿಲ್ಲ. ಕಾಲ ಕೆಳಗೆ ಸಣ್ಣ ಮಣೆ ಇಟ್ಟು, ಮುಂದಕ್ಕೆ ಬಾಗಿ, ಉಸಿರು ಸಡಿಲ ಬಿಟ್ಟು ಕೂರಲು ನನ್ನ ಫಿಸಿಯೋಥೆರಪಿಯವರೂ ಹೇಳಿದರು. ಮುಕ್ಕಬಾರದು. ಒಮ್ಮೆ ಆದ ಮೇಲೆ ಎದ್ದು ನಾಲ್ಕು ಹೆಜ್ಜೆ ಓಡಾಡಿ, ಮತ್ತೆ ಕೂತರೆ ಇನ್ನಷ್ಟು ಬರುತ್ತದೆ. 1948ರಲ್ಲಿ ಕೀಗಲ್ ಎಂಬ ವೈದ್ಯರು ಹೇಳಿಕೊಟ್ಟ ಬಿಗಿಹಿಡಿಯುವ ವ್ಯಾಯಾಮವನ್ನು ಎಲ್ಲರೂ ಎಲ್ಲಕ್ಕೂ ಹೇಳುತ್ತಾರೆ. ಅದು ಕೆಮ್ಮಿದಾಗ ಜಿನುಗುವವರಿಗೆ ಸರಿ. ಖಾಲಿಯೇ ಆಗದವರಿಗೆ ಬೇಕಾದದ್ದು ಬಿಗಿಯುವುದಲ್ಲ, ಸಡಿಲಿಸುವುದು.

ನಂಜಿನ ಬಗ್ಗೆ ಇನ್ನೊಂದು ಮಾತು. ನಳಿಕೆ ಬಳಸುವವರ ಮೂತ್ರ ಪರೀಕ್ಷಿಸಿದರೆ ಕ್ರಿಮಿ ಇದ್ದೇ ಇರುತ್ತದೆ. ತೊಂದರೆಯೇ ಇಲ್ಲದಿದ್ದರೆ ಅದಕ್ಕೆಲ್ಲ ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಕೊಡುವುದಿಲ್ಲ. ಆದರೆ ಜ್ವರ, ಚಳಿ ನಡುಕ, ಪಕ್ಕೆ ನೋವು ಬಂದರೆ ಅವತ್ತೇ ಫೋನ್ ಮಾಡಬೇಕು. ಉರಿ ಬರಲಿ ಎಂದು ಕಾಯುವಂತಿಲ್ಲ. ನರ ಸತ್ತ ಕಡೆ ಉರಿಯೂ ತಿಳಿಯದಿರಬಹುದು. ನನಗೆ ಒಮ್ಮೆ 102 ಡಿಗ್ರಿ ಜ್ವರ ಬಂದು ನಿಂತಿತು, ಉರಿ ಎಂಬುದು ಲವಲೇಶವೂ ಇರಲಿಲ್ಲ.

ನರಗಳು ಚಿಗುರುವುದು ನಮ್ಮ ಹಿತ್ತಲ ಕರಿಬೇವಿನ ಕುಂಡದ ಹಾಗೆ. ದಿನಾ ನೋಡಿದರೆ ಏನೂ ಕಾಣದು. ಫ್ರಿಜ್ಜಿನ ಪಟ್ಟಿಯಲ್ಲಿ ಮಾತ್ರ ಕಂಡಿತು. ನವೆಂಬರಿನಲ್ಲಿ ಒಳಗೆ ಉಳಿಯುತ್ತಿದ್ದದ್ದು 350, ಜನವರಿಗೆ 220, ಮಾರ್ಚಿಗೆ 140, ಮೇ ತಿಂಗಳಿಗೆ ನೂರರ ಕೆಳಗೆ. ಹೆಚ್ಚಿನವರಿಗೆ ಆರು ತಿಂಗಳು, ವರ್ಷದೊಳಗೆ ಬಹಳಷ್ಟು ಮರಳುತ್ತದೆ. ಕೆಲವರಿಗೆ ಮರಳುವುದೇ ಇಲ್ಲ. ನನಗೆ ಮುಕ್ಕಾಲು ಪಾಲು ಮರಳಿದೆ. ಹಗಲಿನಲ್ಲಿ ನಳಿಕೆ ಬೇಡ, ರಾತ್ರಿ ಮಲಗುವ ಮುಂಚೆ ಒಂದು ಸಲ ಹಾಕಿಕೊಳ್ಳುತ್ತೇನೆ. ಆ ಹಳೆಯ ಬಾಧೆ ಮಾತ್ರ ಬಂದಿಲ್ಲ. ಅದರ ಬದಲು ಕಿಬ್ಬೊಟ್ಟೆಯಲ್ಲಿ ಒಂದು ಬಗೆಯ ಭಾರ, ಅಷ್ಟೆ. ಅದನ್ನೂ ನಂಬುವಂತಿಲ್ಲ, ಆದ್ದರಿಂದ ಕೈಗಡಿಯಾರವನ್ನು ನಂಬಿದ್ದೇನೆ. ಯಾರ ಮನೆಗೆ ಹೋದರೂ ಮೊದಲು ಬಚ್ಚಲು ಎಲ್ಲಿ ಎಂದು ನೋಡಿಕೊಳ್ಳುತ್ತೇನೆ, ಐ-75 ಹೆದ್ದಾರಿಯ ರೆಸ್ಟ್ ಏರಿಯಾಗಳೆಲ್ಲ ಬಾಯಿಪಾಠ.

2024ರ ಫೆಬ್ರವರಿಯಲ್ಲಿ ತಮ್ಮನ ಮಗಳ ಮದುವೆಗೆ ಊರಿಗೆ ಹೋದೆವು. ಡೆಟ್ರಾಯಿಟ್‌ನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಬೆಂಗಳೂರು. ನಳಿಕೆಯ ಪೊಟ್ಟಣಗಳೆಲ್ಲ ಕೈಚೀಲದಲ್ಲೇ, ವೈದ್ಯರ ಒಂದು ಪತ್ರ ಜೊತೆಗೆ. ವಿಮಾನದ ಪುಟ್ಟ ಬಚ್ಚಲಲ್ಲಿ ಅದು ಅಲುಗಾಡುತ್ತಿರುವಾಗ ಈ ಕೆಲಸ ಮಾಡಿದವಳಿಗೆ ಇನ್ನು ಯಾವ ಛತ್ರವೂ ಹೆದರಿಕೆಯಲ್ಲ ಎಂದುಕೊಂಡಿದ್ದೆ. ಹಾಸನದ ಛತ್ರದಲ್ಲಿ ಹೆಣ್ಣಿನ ಕಡೆಯವರಿಗೆ ಎರಡು ಕೋಣೆ, ಒಂದು ಬಚ್ಚಲು, ಹೊರಗೆ ಸೋಪಿನ ಡಬ್ಬಿ ಹಿಡಿದು ನಿಂತ ಹದಿನೈದು ಜನ! ಅಂತೂ ನಡೆಯಿತು.

ಅಲ್ಲಿ ನಮ್ಮ ಚಿಕ್ಕಮ್ಮನನ್ನು ನೋಡಿದೆ. ಊಟದ ಪಂಕ್ತಿಯಲ್ಲಿ ತುದಿಯ ಎಲೆಗೇ ಕೂತಿದ್ದರು, ಲೋಟದ ನೀರು ಮುಟ್ಟಿರಲಿಲ್ಲ. ಧಾರೆಯ ಹೊತ್ತಿಗೆ ಮಂಟಪದ ಹತ್ತಿರ ಬರಲೇ ಇಲ್ಲ. ಅವರಿಗೂ ಇದೇ ಆಪರೇಷನ್ 2013ರಲ್ಲಿ ಬೆಂಗಳೂರಿನಲ್ಲಿ ಆಗಿತ್ತು. ಕ್ಯಾನ್ಸರ್ ಹೋಗಿ ಹತ್ತು ವರ್ಷ ದಾಟಿದೆ, ಆ ಮಟ್ಟಿಗೆ ದೊಡ್ಡ ಗೆಲುವು. ಆದರೆ ಚಿಕ್ಕಮ್ಮ ಆಗಿನಿಂದ ಬಸ್ಸು ಹತ್ತಿಲ್ಲ, ಮಧ್ಯಾಹ್ನದ ಮೇಲೆ ನೀರು ಕುಡಿಯುವುದಿಲ್ಲ, ಯಾರ ಮನೆಯ ಗೃಹಪ್ರವೇಶಕ್ಕೂ ಇಲ್ಲ. "ಕಾಯಿಲೆ ವಾಸಿಯಾದ್ಮೇಲೆ ಅವಳಿಗೆ ಜನವೇ ಬೇಡವಾದ್ರು" ಎಂದು ಬಳಗದಲ್ಲಿ ಮಾತು. ರಾತ್ರಿ ಛತ್ರದ ಕೋಣೆಯಲ್ಲಿ ಎಲ್ಲರೂ ಮಲಗಿದ ಮೇಲೆ ನಾನು ಚೀಲ ಹಿಡಿದು ಬಚ್ಚಲಿಗೆ ಹೋಗಿ ಬಂದದ್ದನ್ನು ನೋಡಿ "ಅದೇನೇ ಅದು?" ಎಂದರು. ಪೊಟ್ಟಣ ಬಿಚ್ಚಿ ತೋರಿಸಿದೆ. ಎಲ್ಲ ಹೇಳಿದೆ. ಚಿಕ್ಕಮ್ಮ ಬಹಳ ಹೊತ್ತು ಆ ನಳಿಕೆಯನ್ನೇ ಕೈಯಲ್ಲಿ ತಿರುಗಿಸುತ್ತಾ ಕೂತಿದ್ದರು. ಆಮೇಲೆ ಕತ್ತಲಲ್ಲೇ ಹೇಳಿದರು: "ಹತ್ತು ವರ್ಷ ಆಯ್ತು ಕಣೇ, ನಾನು ದೇವರ ಮನೆಗೆ ಹೋಗಿ. ಯಾವಾಗ್ಲೂ ಒದ್ದೆ. ಮೈಲಿಗೆಯಲ್ಲಿ ಹೇಗೆ ದೀಪ ಹಚ್ಲಿ? ಸೊಸೆ ಹಚ್ತಾಳೆ, ನಾನು ಹೊಸಲಾಚೆ ನಿಂತ್ಕೊಂಡು ಕೈ ಮುಗೀತೀನಿ."

ಆಪರೇಷನ್ ಮಾಡಿದವರು ಬಿಡುಗಡೆ ಮಾಡುವಾಗ "ಸ್ವಲ್ಪ ದಿನ ಹೀಗಿರುತ್ತೆ, ಸರಿಹೋಗುತ್ತೆ" ಎಂದಿದ್ದರಂತೆ. ಆಮೇಲೆ ಪ್ರತಿ ತಪಾಸಣೆಯಲ್ಲೂ ಕ್ಯಾನ್ಸರ್ ಮರಳಿದೆಯೇ ಎಂದು ನೋಡಿದರು, ಇವರು ಈ ವಿಷಯ ಎತ್ತಲಿಲ್ಲ, ಅವರೂ ಕೇಳಲಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಜ್ವರ ಬರುತ್ತಿತ್ತು, ಹತ್ತಿರದ ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಡುತ್ತಿದ್ದರು. ಮದುವೆ ಮುಗಿದ ಮೂರನೆಯ ದಿನ ನಾನೇ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ. ಹೋಗಿ ಬಂದ ಮೇಲೂ ಮೂತ್ರಕೋಶದಲ್ಲಿ 600 ಮಿಲಿ ಉಳಿದಿತ್ತು. ಬಲಗಡೆಯ ಮೂತ್ರಪಿಂಡ ಊದಿಕೊಂಡಿತ್ತು. ಕೆಳಗಿನ ಟ್ಯಾಂಕ್ ಖಾಲಿಯಾಗದೆ ಒತ್ತಡ ಮೇಲಕ್ಕೇರಿದರೆ ಹಾಗಾಗುತ್ತದೆ. ಹತ್ತು ವರ್ಷ ನೀರು ಬಿಟ್ಟು ಬಾಯಾರಿ ಕೂತದ್ದರಿಂದ ಒಂದಿಷ್ಟೂ ಉಪಯೋಗವಾಗಿರಲಿಲ್ಲ. ಡಾಕ್ಟರು ಒಳ್ಳೆಯವರು. ಅಲ್ಲಿನ ಹುಡುಗಿ ನರ್ಸ್ ಚಿಕ್ಕಮ್ಮನಿಗೆ ಎರಡು ದಿನ ಕೂರಿಸಿಕೊಂಡು ಕಲಿಸಿದಳು. ನೆಲಟಾನ್ ಕ್ಯಾಥೆಟರ್ ಎಂದು ಕೇಳಿದರೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ. ಮೊದಲ ಸಲ ಪೂರ್ತಿ ಖಾಲಿಯಾದಾಗ ಚಿಕ್ಕಮ್ಮ ಹೊರಗೆ ಬಂದು ಹೇಳಿದ್ದು ಒಂದೇ ಮಾತು: "ಇಷ್ಟೇನಾ?"

ಆ ಮೂತ್ರಪಿಂಡ ಪೂರ್ತಿ ಮೊದಲಿನಂತೆ ಆಗಿಲ್ಲ. ಊತ ಇಳಿದಿದೆ, ರಕ್ತಪರೀಕ್ಷೆಯ ಅಂಕಿ ಇನ್ನೂ ಸ್ವಲ್ಪ ಮೇಲೇ ಇದೆ, ಮೂರು ತಿಂಗಳಿಗೊಮ್ಮೆ ನೋಡಿಸಬೇಕು. ಕಳೆದ ಶ್ರಾವಣದಲ್ಲಿ ಬಸ್ಸಿನಲ್ಲಿ ಹೊರನಾಡಿಗೆ ಹೋಗಿಬಂದರು.

ಇಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದು ಸುದ್ದಿ ಹೇಳಬೇಕು. ನರಗಳನ್ನು ಆದಷ್ಟು ಉಳಿಸಿಕೊಂಡೇ ಈ ಆಪರೇಷನ್ ಮಾಡುವ ದಾರಿಯನ್ನು ಜಪಾನಿನ ವೈದ್ಯರು 1960ರ ದಶಕದಿಂದಲೇ ಹುಡುಕಿದ್ದಾರೆ, ಈಗ ಬೇರೆ ದೇಶಗಳಲ್ಲೂ ಇದೆ. ಅದಕ್ಕಿಂತ ದೊಡ್ಡದು 2024ರಲ್ಲಿ ಪ್ರಕಟವಾದ, ಕೆನಡಾದ ಮರೀ ಪ್ಲಾಂಟ್ ಎಂಬ ವೈದ್ಯೆ ಮುಂದಾಳಾಗಿ ನಡೆಸಿದ ಶೇಪ್ ಎಂಬ ಪ್ರಯೋಗ. 2 ಸೆಂಟಿಮೀಟರಿಗಿಂತ ದೊಡ್ಡದಲ್ಲದ, ಆಳಕ್ಕಿಳಿಯದ ಗಂಟಿದ್ದ 700 ಹೆಂಗಸರು. ಅರ್ಧದಷ್ಟು ಜನಕ್ಕೆ ರ‍್ಯಾಡಿಕಲ್, ಉಳಿದರ್ಧಕ್ಕೆ ಬರೀ ಗರ್ಭಕೋಶ ತೆಗೆಯುವ ಸರಳ ಆಪರೇಷನ್. ಮೂರು ವರ್ಷದಲ್ಲಿ ಅಲ್ಲೇ ರೋಗ ಮರಳಿದ್ದು ರ‍್ಯಾಡಿಕಲ್ ಗುಂಪಿನಲ್ಲಿ ಶೇಕಡಾ 2.2, ಸರಳದಲ್ಲಿ 2.5, ಹೆಚ್ಚುಕಡಿಮೆ ಒಂದೇ. ಆದರೆ ನಾಲ್ಕು ವಾರ ಕಳೆದ ಮೇಲೂ ಮೂತ್ರ ಕಟ್ಟಿಕೊಳ್ಳುತ್ತಿದ್ದದ್ದು ರ‍್ಯಾಡಿಕಲ್ ಆದವರಲ್ಲಿ ಶೇಕಡಾ 9.9, ಸರಳ ಆಪರೇಷನ್ ಆದವರಲ್ಲಿ 0.6. ನನ್ನ ಗಂಟು ಎರಡೂವರೆ ಇದ್ದದ್ದರಿಂದ ಅದು ನನಗೆ ಅನ್ವಯಿಸುತ್ತಿರಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಅನ್ವಯಿಸಬಹುದು, ಗಂಟು ಎಷ್ಟು ದೊಡ್ಡದು ಎಂದು ಮೊದಲೇ ಕೇಳಿ. ರ‍್ಯಾಡಿಕಲ್ಲೇ ಆಗಬೇಕೆಂದರೆ ಮಾಡಿಸಿಕೊಳ್ಳಿ, ಜೀವ ಮುಖ್ಯ. ಆದರೆ ನಳಿಕೆ ತೆಗೆದ ಮೇಲೆ ಒಳಗೆ ಉಳಿದದ್ದನ್ನು ಅಳೆಯುವವರು ಯಾರು, ಯಾವಾಗ, ಎಂದು ಆಪರೇಷನ್ನಿಗೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ತಂದೆತಾಯಿಯರು ಇಲ್ಲಿದ್ದು ಅವರಿಗೆ ಮೆಡಿಕೇರ್ ಇದ್ದರೆ, ಡಾಕ್ಟರ ಚೀಟಿಯ ಮೇಲೆ ತಿಂಗಳಿಗೆ 200 ನಳಿಕೆಗಳವರೆಗೆ ಸಿಗುತ್ತದೆ. 2008ಕ್ಕೆ ಮುಂಚೆ ತೊಳೆದು ತೊಳೆದು ಮತ್ತೆ ಬಳಸಬೇಕಿತ್ತು. ಗಂಡಸರಿಗೂ, ಸಕ್ಕರೆ ಕಾಯಿಲೆಯಿಂದ ನರ ಕೆಟ್ಟವರಿಗೂ ಇದೇ ವಿಧಾನವೇ.

ನನ್ನ ಫೋನ್ ನಂಬರ್ ಸಂಘದ ಡೈರೆಕ್ಟರಿಯಲ್ಲಿದೆ. ಇದನ್ನು ಓದಿ ನಮ್ಮವರ ಹತ್ತಿರ ಮಾತಾಡಲು ಸಂಕೋಚವಾದರೆ "ಅಡುಗೆ ವಿಷಯ ಕೇಳಬೇಕಿತ್ತು" ಎನ್ನಿ, ನನಗೆ ಕೊಡುತ್ತಾರೆ. ಸಂಜೆ ಆರರ ಮೇಲೆ ಯಾವಾಗ ಬೇಕಾದರೂ ಮಾಡಿ. ಎಂಟು ಗಂಟೆಗೆ ಮಾತ್ರ ಒಂದು ಹತ್ತು ನಿಮಿಷ ಬಿಟ್ಟು ಮಾಡಿ, ಆಗ ನನ್ನ ಗಡಿಯಾರ ಹೊಡೆಯುತ್ತದೆ.